ಶೇಡಿಂಗ್‌ಗೆ ಯಾವ ಸೂಜಿ, ಬಣ್ಣ ತುಂಬಲು ಯಾವ ಸೂಜಿ: ಹಚ್ಚೆ ಹಾಕುವವರಿಗೊಂದು ಹೋಲಿಕೆ

ತಿಪಟೂರಿನಲ್ಲಿ ಹೊಸದಾಗಿ ಟ್ಯಾಟೂ ಅಂಗಡಿ ತೆರೆದಿರುವ ಹುಡುಗನೊಬ್ಬ ಕಳೆದ ತಿಂಗಳು ತುಮಕೂರಿಗೆ ಬಂದಿದ್ದಾಗ ಮೊಬೈಲಿನಲ್ಲಿ ಎರಡು ಬಾಕ್ಸ್‌ಗಳ ಫೋಟೊ ತೋರಿಸಿ, “ಅಣ್ಣಾ, ಸದ್ಯಕ್ಕೆ ಒಂದು ಬಾಕ್ಸಿಗೆ ಮಾತ್ರ ದುಡ್ಡೈತೆ. 9 ರೌಂಡ್ ಶೇಡರ್ ತಗಳ್ಲಾ, 9 ಮ್ಯಾಗ್ ತಗಳ್ಲಾ?” ಎಂದು ಕೇಳಿದ. ಗುಬ್ಬಿ, ಸಿರಾ, ಮಧುಗಿರಿ ಕಡೆಯಿಂದ ಕೆಲಸ ಕಲಿಯಲು ಬರುವ ಬಹುತೇಕರ ಪ್ರಶ್ನೆಯೂ ಇದೇ. ಗೆರೆ ಎಳೆಯುವ ಲೈನರ್ ಸೂಜಿಯ ವಿಚಾರದಲ್ಲಿ ಹೆಚ್ಚು ಗೊಂದಲವಿಲ್ಲ. ಸಣ್ಣ ಗೆರೆಗೆ 3 ಅಥವಾ 5, ದಪ್ಪ ಗೆರೆಗೆ 9 ಎಂಬುದು ಎರಡು ವಾರಗಳಲ್ಲಿ ಕೈಗೆ ಹತ್ತುತ್ತದೆ. ಶೇಡಿಂಗ್, ಅಂದರೆ ಛಾಯೆ ಕೊಡುವ ಕೆಲಸ ಮತ್ತು ಬಣ್ಣ ತುಂಬುವ ಕೆಲಸಕ್ಕೆ ಬಂದಾಗ ಮಾತ್ರ ರೌಂಡ್ ಶೇಡರ್, ಫ್ಲಾಟ್, ಮ್ಯಾಗ್ನಮ್ (ಚಿಕ್ಕದಾಗಿ ಮ್ಯಾಗ್), ಕರ್ವ್ ಮ್ಯಾಗ್ನಮ್ ಎಂದು ಹೆಸರುಗಳು ಹೆಚ್ಚಾಗಿ, ಯಾವುದನ್ನು ಕೊಂಡರೂ ತಪ್ಪಾಗಬಹುದೇನೋ ಎಂಬ ಅಳುಕು ಹುಟ್ಟುತ್ತದೆ. ಅಂದು ಅವನಿಗೆ ಹೇಳಿದ್ದನ್ನೇ ಇಲ್ಲಿ ಸಾವಧಾನವಾಗಿ ಬರೆದಿದ್ದೇನೆ.

ಮೊದಲು ಬಾಕ್ಸಿನ ಮೇಲಿನ ಬರಹವನ್ನು ಓದಲು ಬರಬೇಕು. 1209 ಆರ್‌ಎಸ್ ಎಂದಿದ್ದರೆ ಮೊದಲ 12 ಎಂಬುದು ಒಂದೊಂದು ಸೂಜಿಯ ದಪ್ಪವನ್ನು, ಅಂದರೆ 0.35 ಮಿ.ಮೀ. ಅನ್ನು ಹೇಳುತ್ತದೆ, 10 ಎಂದಿದ್ದರೆ 0.30 ಮಿ.ಮೀ., 08 ಎಂದಿದ್ದರೆ 0.25 ಮಿ.ಮೀ. ಮುಂದಿನ 09 ಎಂಬುದು ಗೊಂಚಲಿನಲ್ಲಿರುವ ಸೂಜಿಗಳ ಸಂಖ್ಯೆ. ಕೊನೆಯ ಅಕ್ಷರಗಳು ಆ ಸೂಜಿಗಳನ್ನು ಹೇಗೆ ಜೋಡಿಸಿದ್ದಾರೆ ಎಂಬುದನ್ನು ಸೂಚಿಸುತ್ತವೆ: ಆರ್‌ಎಸ್ ಎಂದರೆ ರೌಂಡ್ ಶೇಡರ್, ಎಫ್ ಎಂದರೆ ಫ್ಲಾಟ್, ಎಂ1 ಎಂದರೆ ಸಾಮಾನ್ಯ ಮ್ಯಾಗ್ನಮ್, ಎಂ2 ಎಂದರೆ ಒತ್ತೊತ್ತಾಗಿ ಜೋಡಿಸಿದ ಮ್ಯಾಗ್ನಮ್, ಆರ್‌ಎಂ ಅಥವಾ ಸಿಎಂ ಎಂದರೆ ಕರ್ವ್ ಮ್ಯಾಗ್ನಮ್. ಕಂಪನಿಯಿಂದ ಕಂಪನಿಗೆ ಬರೆಯುವ ಕ್ರಮ ತುಸು ಬದಲಾದರೂ ದಪ್ಪ, ಸಂಖ್ಯೆ, ಜೋಡಣೆ ಈ ಮೂರು ವಿವರಗಳು ಎಲ್ಲ ಬಾಕ್ಸ್‌ಗಳ ಮೇಲೂ ಇರುತ್ತವೆ.

ಯಾವುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: ಈ ಕೆಲಸ ಮುಗಿಯಬೇಕಾದರೆ ಸೂಜಿ ಒಂದೇ ಜಾಗದ ಮೇಲೆ ಎಷ್ಟು ಸಲ ಹಾಯಬೇಕು? ಬಣ್ಣ ಉಳಿಯುವುದು ಮೇಲ್ಚರ್ಮದಲ್ಲಿ ಅಲ್ಲ, ಅದರ ಕೆಳಗಿನ ಒಳಚರ್ಮದಲ್ಲಿ, ಸುಮಾರು 1ರಿಂದ 2 ಮಿ.ಮೀ. ಆಳದಲ್ಲಿ. ಅಲ್ಲಿಗೆ ಬಣ್ಣ ತಲುಪಿಸಲು ಸೂಜಿ ಪ್ರತಿ ಬಾರಿಯೂ ಮೇಲಿನ ಪದರವನ್ನು ಗಾಯ ಮಾಡಿಕೊಂಡೇ ಹೋಗಬೇಕು. ನಮ್ಮ ಕಡೆಯವರ ಮೈಬಣ್ಣ ಬಹುಮಟ್ಟಿಗೆ ಗೋಧಿಬಣ್ಣದಿಂದ ಎಣ್ಣೆಗಪ್ಪಿನವರೆಗೆ ಇರುವುದರಿಂದ, ಅತಿಯಾಗಿ ಗಾಯಗೊಂಡ ಚರ್ಮ ಗುಣವಾಗುವಾಗ ಹೆಚ್ಚು ಮೆಲನಿನ್ ಉತ್ಪಾದಿಸಿ, ಬಣ್ಣದ ಸುತ್ತ ತಿಂಗಳುಗಟ್ಟಲೆ ಕಪ್ಪು ಛಾಯೆಯನ್ನು ಉಳಿಸಿಬಿಡುತ್ತದೆ. ಕೆಲವರಿಗೆ ಕಿಲಾಯ್ಡ್ ಎಂಬ ಗಂಟಿನಂಥ ಗಾಯದ ಗುರುತೂ ಏಳುತ್ತದೆ. ಹಾಗಾಗಿ ಎರಡು ಸಲದಲ್ಲಿ ಮುಗಿಯುವ ಕೆಲಸವನ್ನು ಆರು ಸಲ ಮಾಡಿಸುವ ಸೂಜಿ ಎಷ್ಟೇ ಅಗ್ಗವಾಗಿದ್ದರೂ ನಮ್ಮ ಗಿರಾಕಿಗಳಿಗೆ ಅದು ದುಬಾರಿಯೇ.

ಮೆಲನಿನ್ ಇರುವುದು ಬಣ್ಣಕ್ಕಿಂತ ಮೇಲಿನ ಪದರದಲ್ಲಿ. ಬಣ್ಣದ ಗಾಜಿನ ಹಿಂದೆ ಇಟ್ಟ ವಸ್ತುವಿನಂತೆ, ನಾವು ತುಂಬಿದ ಬಣ್ಣ ಚರ್ಮದ ಬಣ್ಣವನ್ನು ಹಾಯ್ದೇ ಹೊರಗೆ ಕಾಣಬೇಕು. ನನ್ನ ಅಜ್ಜಿಯ ಮುಂಗೈಯಲ್ಲಿ ಕೊರವಂಜಿಯಿಂದ ಚುಚ್ಚಿಸಿಕೊಂಡ ಚೇಳಿನ ಹಚ್ಚೆ ಇತ್ತು. ಚುಚ್ಚಿದ್ದು ದೀಪದ ಕಪ್ಪನ್ನು, ನಮಗೆ ಕಾಣುತ್ತಿದ್ದುದು ಹಸಿರು; ಪಚ್ಚೆ ಎಂಬ ಮಾತೇ ಹಚ್ಚೆ ಆಯಿತೆನ್ನುವುದನ್ನು ಆ ಕೈ ನೋಡಿದವರು ಸುಲಭವಾಗಿ ಒಪ್ಪುತ್ತಾರೆ. ಹಳದಿ, ತಿಳಿನೀಲಿ, ಬಿಳಿ ಬಣ್ಣಗಳು ನಮ್ಮ ಚರ್ಮದಲ್ಲಿ ಮಂಕಾಗುವುದೂ ಇದೇ ಕಾರಣಕ್ಕೆ. ಅವು ನಿಲ್ಲಬೇಕಾದರೆ ಒಂದೆರಡು ಸಲದಲ್ಲೇ ದಟ್ಟವಾಗಿ ಕೂರಿಸುವ ಸೂಜಿ ಬೇಕು.

ಇದಾದ ಮೇಲೆ ಉಳಿದ ಪ್ರಶ್ನೆಗಳು ಬರುತ್ತವೆ. ತುಂಬಬೇಕಾದ ಜಾಗ ಒಂದು ರೂಪಾಯಿ ನಾಣ್ಯದಷ್ಟೋ, ಅಂಗೈ ಅಗಲವೋ? ಬೇಕಾಗಿರುವುದು ಹೊಗೆಯಂತೆ ಕರಗುವ ಛಾಯೆಯೋ, ಚುಕ್ಕೆ ಚುಕ್ಕೆಯಾಗಿ ಕಾಣುವ ಛಾಯೆಯೋ, ಎಲ್ಲೂ ಬಿಡುವಿಲ್ಲದ ಗಟ್ಟಿ ಬಣ್ಣವೋ? ಚರ್ಮ ಎಂಥದು? ತೆಂಗಿನ ಮರ ಹತ್ತಿ ಹತ್ತಿ ಗಡುಸಾದ ಎದೆಯ ಚರ್ಮವೂ ಮೊಣಕೈ ಒಳಮಗ್ಗುಲಿನ ತೆಳು ಚರ್ಮವೂ ಒಂದೇ ಸೂಜಿಗೆ ಒಂದೇ ರೀತಿ ಒಗ್ಗುವುದಿಲ್ಲ. ನಿಮ್ಮ ಮೆಷಿನ್ನಿಗೆ ಎಷ್ಟು ಸೂಜಿಗಳನ್ನು ಒಟ್ಟಿಗೆ ತಳ್ಳುವ ಶಕ್ತಿಯಿದೆ? ಬೆಲೆಯ ಪ್ರಶ್ನೆಯನ್ನು ನಾನು ಕೊನೆಗೆ ಇಡುತ್ತೇನೆ. ಅದನ್ನೂ ಒಂದು ಸೂಜಿಯ ಬೆಲೆಯಾಗಿ ಅಲ್ಲ, ಒಂದು ಹಚ್ಚೆ ಮುಗಿಯುವಷ್ಟರಲ್ಲಿ ಆಗುವ ಒಟ್ಟು ಖರ್ಚಾಗಿ ನೋಡುತ್ತೇನೆ.

ರೌಂಡ್ ಶೇಡರ್

ಲೈನರ್‌ನಂತೆ ಇಲ್ಲಿಯೂ ಸೂಜಿಗಳನ್ನು ದುಂಡಗೆ ಜೋಡಿಸಿರುತ್ತಾರೆ, ಆದರೆ ತುದಿಗಳು ಒಂದಕ್ಕೊಂದು ಅಂಟದೆ ತುಸು ಬಿಡಿಬಿಡಿಯಾಗಿರುತ್ತವೆ. ಚಿಕ್ಕ ಜಾಗಕ್ಕೆ ಇದರಷ್ಟು ವಿಧೇಯವಾದ ಸೂಜಿ ಇನ್ನೊಂದಿಲ್ಲ. ಕನ್ನಡ ಅಕ್ಷರಗಳನ್ನೇ ತೆಗೆದುಕೊಳ್ಳಿ: ‘ಅಮ್ಮ’ ಎಂದು ದಪ್ಪಕ್ಷರದಲ್ಲಿ ಬರೆಸಿಕೊಂಡವರ ಕೈಯಲ್ಲಿ ‘ಅ’ದ ಒಳಸುಳಿಯನ್ನೂ ‘ಮ್ಮ’ದ ಒತ್ತಕ್ಷರದ ಮೂಲೆಯನ್ನೂ ತುಂಬಲು ಅಗಲವಾದ ಮ್ಯಾಗ್ನಮ್ ಒಳಗೆ ಹೋಗುವುದೇ ಇಲ್ಲ, 5 ಅಥವಾ 7 ರೌಂಡ್ ಶೇಡರ್ ಆ ತಿರುವಿನಲ್ಲಿ ಸಲೀಸಾಗಿ ತಿರುಗುತ್ತದೆ. ಕಮಲದ ದಳ, ನವಿಲುಗರಿಯ ಕಣ್ಣು, ತ್ರಿಶೂಲದ ತುದಿ, ಇವೆಲ್ಲ ಇದರ ಕೆಲಸ. 3 ರೌಂಡ್ ಶೇಡರ್ ಲೈನರ್‌ಗೆ ಬಹಳ ಹತ್ತಿರವಾದ್ದರಿಂದ ಅದಕ್ಕೆಂದೇ ಬೇರೆ ಬಾಕ್ಸ್ ಕೊಳ್ಳುವ ಅಗತ್ಯ ನನಗೆ ಕಂಡಿಲ್ಲ.

ಇದರ ಮಿತಿ ಜಾಗ ದೊಡ್ಡದಾದಂತೆ ಗೊತ್ತಾಗುತ್ತದೆ. ಕೆಲಸ ಆರಂಭಿಸಿದ ಮೊದಲ ವರ್ಷ ರಾಜ್ಯೋತ್ಸವದ ಸಮಯದಲ್ಲಿ ಒಬ್ಬರ ತೋಳಿನ ಮೇಲೆ ಮೂರು ಇಂಚು ಅಗಲದ ಕನ್ನಡ ಬಾವುಟ ಹಾಕಿದೆ. ನನ್ನಲ್ಲಿದ್ದದ್ದು 7 ರೌಂಡ್ ಶೇಡರ್ ಮಾತ್ರ. ಕೆಂಪು ಹೇಗೋ ಕೂತಿತು. ಹಳದಿ ಪಟ್ಟಿಯಲ್ಲಿ ಸಣ್ಣ ಸಣ್ಣ ಸುತ್ತುಗಳ ನಡುವೆ ಚರ್ಮ ಇಣುಕುತ್ತಲೇ ಇತ್ತು. ಆ ಬಿಡುವುಗಳನ್ನು ಮುಚ್ಚಲು ಮತ್ತೆ ಮತ್ತೆ ಅದೇ ಜಾಗದಲ್ಲಿ ಕೈಯಾಡಿಸಿದೆ. ಟಿಶ್ಯೂನಿಂದ ಒರೆಸಿದಾಗ ಹಳದಿಗಿಂತ ಹೆಚ್ಚಾಗಿ ರಕ್ತದ ಹನಿಗಳು ಎದ್ದವು, ಚರ್ಮದ ಮೇಲ್ಮೈ ಉಜ್ಜಿದ ಬಟ್ಟೆಯಂತೆ ತರಿತರಿಯಾಯಿತು. ವಾರದ ನಂತರ ದಪ್ಪನೆಯ ಹಕ್ಕಳೆ ಕಟ್ಟಿ, ಉದುರುವಾಗ ಬಣ್ಣವನ್ನೂ ಜೊತೆಗೆ ಕಿತ್ತುಕೊಂಡು ಹೋಯಿತು. ಎರಡು ತಿಂಗಳು ಕಾದು, ಅದೇ ಹಳದಿಯನ್ನು 11ರ ಮ್ಯಾಗ್ನಮ್‌ನಲ್ಲಿ ತುಂಬಿದಾಗ ಎರಡೇ ಸಲಕ್ಕೆ ಕೂತಿತು. ಅದೇ ಬಾಟಲಿಯ ಬಣ್ಣ, ಅದೇ ಮೆಷಿನ್, ಬದಲಾದದ್ದು ಸೂಜಿಯೊಂದೇ. ಆ ವ್ಯಕ್ತಿ ಅನುಭವಿಸಿದ ನೋವಿಗೆ ನಾನೇ ಹೊಣೆ, ಆದ್ದರಿಂದಲೇ ಈ ವಿಷಯವನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಫ್ಲಾಟ್

ಸೂಜಿಗಳನ್ನು ಒಂದೇ ಸಾಲಿನಲ್ಲಿ, ಬಾಚಣಿಗೆಯ ಹಲ್ಲಿನಂತೆ ಜೋಡಿಸಿದ್ದು ಫ್ಲಾಟ್. ನೇರ ಅಂಚಿನ ಜ್ಯಾಮಿತಿಯ ವಿನ್ಯಾಸಗಳಲ್ಲಿ ಒಂದು ಬದಿಗೆ ಗಾಢವಾಗಿ, ಇನ್ನೊಂದು ಬದಿಗೆ ತಿಳಿಯಾಗಿ ಛಾಯೆ ಎಳೆಯಲು ಉಪಯೋಗವಾಗುತ್ತದೆ. ಕೈ ತುಸು ವಾಲಿದರೂ ಸಾಲಿನ ತುದಿಯ ಸೂಜಿ ಚರ್ಮವನ್ನು ಸೀಳುವುದರಿಂದ ಹೊಸಬರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಮ್ಯಾಗ್ನಮ್, ಮತ್ತು ಅದರ ಒಳಭೇದಗಳು

ಮ್ಯಾಗ್ನಮ್‌ನಲ್ಲಿ ಸೂಜಿಗಳು ಎರಡು ಸಾಲುಗಳಲ್ಲಿರುತ್ತವೆ. 9ರ ಮ್ಯಾಗ್ ಎಂದರೆ ಒಂದು ಸಾಲಿನಲ್ಲಿ 5, ಇನ್ನೊಂದರಲ್ಲಿ 4. ಮೇಲಿನ ಸೂಜಿ ಕೆಳಗಿನ ಎರಡು ಸೂಜಿಗಳ ನಡುವಿನ ಸಂದಿಗೆ ಸರಿಯಾಗಿ ಕೂರುತ್ತದೆ. ಬಾಕ್ಸ್‌ಗಳ ಮೇಲೆ ಸಾಮಾನ್ಯವಾಗಿ 5, 7, 9, 11, 13, 15 ಎಂಬ ಬೆಸ ಸಂಖ್ಯೆಗಳೇ ಕಾಣುವುದಕ್ಕೆ ಇದೇ ಕಾರಣ. ಒಂದು ಸಾಲು ಬಿಟ್ಟ ಸಂದಿಯನ್ನು ಇನ್ನೊಂದು ಸಾಲು ತುಂಬುವುದರಿಂದ ಒಮ್ಮೆ ಹಾಯಿಸಿದರೂ ಅಗಲವಾದ, ಏಕಸಮನಾದ ಪಟ್ಟಿ ಬೀಳುತ್ತದೆ. ದೊಡ್ಡ ಜಾಗದಲ್ಲಿ ರೌಂಡ್ ಶೇಡರ್ ಮಾಡಲಾಗದ ಕೆಲಸವನ್ನು ಇದು ಚರ್ಮಕ್ಕೆ ಕಡಿಮೆ ಹಾನಿಯಲ್ಲಿ ಮಾಡುತ್ತದೆ. ಸೂಜಿಯ ಸಂಖ್ಯೆ ಹೆಚ್ಚಿದಷ್ಟೂ ನೋವು ಹೆಚ್ಚು ಎಂದು ಹಲವರು ಹೆದರುತ್ತಾರೆ. ಆದರೆ ಒತ್ತಡ ಹಲವು ತುದಿಗಳಿಗೆ ಹಂಚಿಹೋಗುವುದರಿಂದ, 3ರ ಲೈನರ್ ಕೊಯ್ದಂತೆ ಅನಿಸುವ ಜಾಗದಲ್ಲಿ 13ರ ಮ್ಯಾಗ್ ಒರಟು ಬಟ್ಟೆಯಿಂದ ಉಜ್ಜಿದಂತೆ ಅನಿಸುತ್ತದೆಂದು ನನ್ನ ಗಿರಾಕಿಗಳು ಹೇಳುತ್ತಾರೆ.

ಒತ್ತೊತ್ತಾಗಿ ಜೋಡಿಸಿದ ಎಂ2 ಬಗೆಯದು ಕಿರಿದಾದ ಅಗಲದಲ್ಲಿ ಹೆಚ್ಚು ಬಣ್ಣ ಇಳಿಸುತ್ತದೆ. ಗಟ್ಟಿ ಕಪ್ಪು ತುಂಬಲು ಅದು ಸಮರ್ಥ, ಆದರೆ ಕೈ ಪಳಗುವವರೆಗೆ ಚರ್ಮವನ್ನು ಬೇಗ ಹಣ್ಣು ಮಾಡಿಬಿಡುತ್ತದೆ.

ನಿಜವಾಗಿ ಆರಿಸಬೇಕಾಗುವುದು ಸಾಮಾನ್ಯ ಮ್ಯಾಗ್ ಮತ್ತು ಕರ್ವ್ ಮ್ಯಾಗ್‌ಗಳ ನಡುವೆ. ಸಾಮಾನ್ಯ ಮ್ಯಾಗ್‌ನ ತುದಿಗಳೆಲ್ಲ ಒಂದೇ ಮಟ್ಟದಲ್ಲಿರುತ್ತವೆ. ಕರ್ವ್ ಮ್ಯಾಗ್‌ನಲ್ಲಿ ನಡುವಿನ ಸೂಜಿಗಳು ಮುಂದಕ್ಕೂ ಅಂಚಿನವು ಕ್ರಮೇಣ ಹಿಂದಕ್ಕೂ ಇದ್ದು, ತುದಿ ಬಿಲ್ಲಿನಂತೆ ಬಾಗಿರುತ್ತದೆ. ಒತ್ತಿದಾಗ ಚರ್ಮ ತಗ್ಗುವ ಆಕಾರವೂ ಹೀಗೇ ಬಾಗಿರುವುದರಿಂದ ಎಲ್ಲ ಸೂಜಿಗಳೂ ಹೆಚ್ಚುಕಡಿಮೆ ಒಂದೇ ಆಳಕ್ಕೆ ಇಳಿಯುತ್ತವೆ, ಮೂಲೆಯ ಸೂಜಿ ಗೆರೆ ಕೊಯ್ಯುವುದಿಲ್ಲ, ಪಟ್ಟಿಯ ಅಂಚು ತಾನಾಗಿ ಕರಗಿದಂತೆ ಕಾಣುತ್ತದೆ. ಛಾಯೆಗೆ ಬೇಕಾದದ್ದು ಇದೇ. ಆದರೆ ಅಂಚು ಕರಗುವ ಗುಣವೇ ಚೂಪಾದ ಮೂಲೆಯಲ್ಲಿ ಕೊರತೆಯಾಗುತ್ತದೆ: ಬಾವುಟದ ನೇರ ಅಂಚಿನವರೆಗೆ ಬಣ್ಣವನ್ನು ಗಟ್ಟಿಯಾಗಿ ತರಬೇಕಾದಾಗ, ಮಂಡಲದ ತ್ರಿಕೋನಗಳ ಮೂಲೆ ತುಂಬಬೇಕಾದಾಗ, ಸಾಮಾನ್ಯ ಮ್ಯಾಗ್‌ನ ನೇರ ತುದಿ ಹೆಚ್ಚು ಶುಚಿಯಾಗಿ ಕೆಲಸ ಮಾಡುತ್ತದೆ.

ಒಂದೇ ಹಚ್ಚೆಯಲ್ಲಿ ಎರಡೂ ಹೇಗೆ ಬೇಕಾಗುತ್ತವೆ ಎಂಬುದಕ್ಕೆ ತುಮಕೂರಿನವರಿಗೆ ಹತ್ತಿರದ ಉದಾಹರಣೆ ಕೊಡುತ್ತೇನೆ. 2019ರ ಜನವರಿ 21ರಂದು ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿಯವರು ಲಿಂಗೈಕ್ಯರಾದ ಬಳಿಕ ಅವರ ಭಾವಚಿತ್ರ ಹಾಕಿಸಿಕೊಳ್ಳಲು ಬರುವ ಭಕ್ತರಿದ್ದಾರೆ. ಆ ಮುಖದ ಕೆನ್ನೆ, ಕಣ್ಣಿನ ಸುತ್ತಲಿನ ಸುಕ್ಕು, ಗಲ್ಲದ ನೆರಳು ಎಲ್ಲವೂ ಗ್ರೇ ವಾಶ್‌ನ ಕೆಲಸ. ನೀರು ಬೆರೆಸಿದ ಕಪ್ಪನ್ನು ತಿಳಿಯಿಂದ ಗಾಢಕ್ಕೆ ಪದರ ಪದರವಾಗಿ ಏರಿಸಬೇಕು. ಅಲ್ಲಿ 0.30 ಮಿ.ಮೀ. ದಪ್ಪದ 7 ಅಥವಾ 9ರ ಕರ್ವ್ ಮ್ಯಾಗ್ ಬಿಟ್ಟು ಬೇರೆಯದನ್ನು ನಾನು ಮುಟ್ಟುವುದಿಲ್ಲ. ಹಣೆಯ ವಿಭೂತಿಯ ಮೂರು ಪಟ್ಟೆಗಳು ಮಾತ್ರ ಬೇರೆ ಲೆಕ್ಕ. ಅವನ್ನು ಬಿಳಿ ಬಣ್ಣದಿಂದ ಬರೆಯುವುದಲ್ಲ. ಸುತ್ತಲಿನ ಹಣೆಗೆ ಛಾಯೆ ಕೊಟ್ಟು, ಪಟ್ಟೆಗಳ ಜಾಗದಲ್ಲಿ ಚರ್ಮವನ್ನು ಹಾಗೆಯೇ ಬಿಡಬೇಕು. ಆ ಅಂಚಿನಲ್ಲಿ ಕರ್ವ್ ಮ್ಯಾಗ್ ಓಡಿಸಿದರೆ ಛಾಯೆ ಪಟ್ಟೆಯೊಳಕ್ಕೆ ಸೋರಿದಂತಾಗಿ ವಿಭೂತಿ ಮಸುಕಾಗುತ್ತದೆ. 5ರ ರೌಂಡ್ ಶೇಡರ್‌ನಿಂದ ಅಂಚು ಕಟ್ಟಿಕೊಂಡು, ಅಲ್ಲಿಂದ ಹೊರಕ್ಕೆ ಮ್ಯಾಗ್‌ನಲ್ಲಿ ಕರಗಿಸಿಕೊಂಡು ಹೋಗಬೇಕು. ಕಾವಿಯ ಬಟ್ಟೆಗೆ ಬಂದಾಗ ಮತ್ತೆ ಸೂಜಿ ಬದಲು: ಗಟ್ಟಿ ಕೇಸರಿ ಕೂರಬೇಕಾದ್ದರಿಂದ 0.35 ಮಿ.ಮೀ. ದಪ್ಪದ 11 ಅಥವಾ 13ರ ಮ್ಯಾಗ್.

ದಪ್ಪ, ಮೊನೆ, ಮತ್ತು ಮೆಷಿನ್

ಜೋಡಣೆಯಷ್ಟೇ ಮುಖ್ಯವಾದರೂ ಕೊಳ್ಳುವಾಗ ಹೆಚ್ಚಿನವರು ನೋಡದಿರುವುದು ಸೂಜಿಯ ದಪ್ಪವನ್ನು. 0.35ರ ಸೂಜಿ ದೊಡ್ಡ ರಂಧ್ರ ಮಾಡಿ ಹೆಚ್ಚು ಬಣ್ಣ ಇಳಿಸುತ್ತದೆ. ಬಣ್ಣ ತುಂಬಲು ಅದೇ ಸೂಕ್ತ. 0.30 ಮತ್ತು 0.25ರ ತೆಳು ಸೂಜಿಗಳು, ಅಂದರೆ ಕಸುಬಿನವರು ಬಗ್‌ಪಿನ್ ಎನ್ನುವುವು, ಸಣ್ಣ ಚುಕ್ಕೆಗಳನ್ನು ಒತ್ತಾಗಿ ಇಡುವುದರಿಂದ ಛಾಯೆ ನುಣುಪಾಗಿ ಕಾಣುತ್ತದೆ, ಆದರೆ ಬಣ್ಣ ಇಳಿಯುವುದು ನಿಧಾನ. ತೆಳು ಸೂಜಿಯಲ್ಲಿ ಹಳದಿ ತುಂಬಲು ಹೊರಟರೆ ನನ್ನ ಬಾವುಟದ ಕತೆಯೇ ಮರುಕಳಿಸುತ್ತದೆ. ಮೊನೆ ಉದ್ದವಾಗಿ ಸಣ್ಣಗಾಗುತ್ತಾ ಬಂದಿದ್ದರೆ ಚುಕ್ಕೆ ಚಿಕ್ಕದು, ಚರ್ಮದೊಳಕ್ಕೆ ಹೋಗುವುದು ಸುಲಭ. ಮೊನೆ ಗಿಡ್ಡವಾಗಿದ್ದರೆ ಚುಕ್ಕೆ ದೊಡ್ಡದು, ಬಣ್ಣ ಹೆಚ್ಚು, ತಳ್ಳಲು ಬಲವೂ ಹೆಚ್ಚು ಬೇಕು.

ಚುಕ್ಕೆ ಚುಕ್ಕೆಯಾಗಿ ಕಾಣುವ ಛಾಯೆ ಇಷ್ಟಪಡುವವರು ಮ್ಯಾಗ್‌ಗೆ ಹಣ ಹಾಕಬೇಕಾಗಿಲ್ಲ. ನಿಮ್ಮಲ್ಲಿರುವ 3 ಅಥವಾ 5ರ ಲೈನರ್‌ನಲ್ಲೇ ಅದು ಚೆನ್ನಾಗಿ ಬರುತ್ತದೆ. ಮೆಷಿನ್ನಿನ ವೇಗ ತಗ್ಗಿಸಿ ಕೈಯನ್ನು ಬೇಗ ಎಳೆದರೆ ಸಾಕು. ಅದೇ ಲೈನರ್‌ನಿಂದ ಗಟ್ಟಿ ಬಣ್ಣ ತುಂಬುವ ಅಭ್ಯಾಸ ಮಾತ್ರ ಬೇಡ, ಒತ್ತಾದ ಮೊನೆ ಕೊಯ್ಯುತ್ತದೆ.

ಚಿಕ್ಕ ಮೋಟಾರಿನ ಅಗ್ಗದ ರೋಟರಿ ಮೆಷಿನ್ನಿಗೆ 23ರ ಮ್ಯಾಗ್ ಸಿಕ್ಕಿಸಿದರೆ ಚರ್ಮಕ್ಕೆ ತಾಗಿದೊಡನೆ ಸದ್ದು ಕುಗ್ಗಿ ಸೂಜಿ ತಡವರಿಸುತ್ತದೆ. ಅಂಥ ಮೆಷಿನ್ ಇರುವವರು 9 ಅಥವಾ 11ಕ್ಕೆ ನಿಲ್ಲುವುದು ಒಳ್ಳೆಯದು. ಸೂಜಿ ಮುಂದೆ ಹಿಂದೆ ಚಲಿಸುವ ದೂರ 3.5 ಮಿ.ಮೀ. ಇರುವ ಮೆಷಿನ್ ಎರಡೂ ಕೆಲಸಕ್ಕೆ ನಡೆಯುತ್ತದೆ. 4 ಮಿ.ಮೀ. ಇದ್ದರೆ ಬಣ್ಣ ತುಂಬಲು ಅನುಕೂಲ, ತಿಳಿ ಛಾಯೆಗೆ ಪೆಟ್ಟು ತುಸು ಜೋರು.

ಕಾರ್ಟ್ರಿಜ್ ಅಥವಾ ಬಾರ್

ಉದ್ದ ಕಡ್ಡಿಗೆ ಬೆಸೆದ ಬಾರ್ ಸೂಜಿ ಅಗ್ಗ. 50ರ ಬಾಕ್ಸ್ ಬರುತ್ತದೆ. ಸೂಜಿಯೂ ಅದರ ಮೂತಿಯೂ ಒಂದೇ ಪ್ಲಾಸ್ಟಿಕ್ ಗೂಡಿನಲ್ಲಿರುವ ಕಾರ್ಟ್ರಿಜ್ ಸಾಮಾನ್ಯವಾಗಿ 20ರ ಬಾಕ್ಸ್, ಬಿಡಿಯಾಗಿ ಲೆಕ್ಕ ಹಾಕಿದರೆ ಬೆಲೆ ಹಲವು ಪಟ್ಟು. ಇಲ್ಲಿಗೇ ಲೆಕ್ಕ ನಿಲ್ಲಿಸಬಾರದು. ಬಾರ್ ಸೂಜಿಗೆ ಅದರ ಆಕಾರಕ್ಕೆ ಹೊಂದುವ ಟಿಪ್ (ಮೊನೆ ಹೊರಬರುವ ಮೂತಿ) ಮತ್ತು ಗ್ರಿಪ್ (ಕೈಯಲ್ಲಿ ಹಿಡಿಯುವ ಭಾಗ) ಬೇಕು, ಮ್ಯಾಗ್‌ಗೆ ಅಗಲದ ಟಿಪ್, ರೌಂಡ್‌ಗೆ ದುಂಡನೆಯದು. ಅವು ಸ್ಟೀಲಿನವಾದರೆ ಪ್ರತಿ ಗಿರಾಕಿಯ ನಂತರ ತೊಳೆದು, ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಉಗಿಯಲ್ಲಿ ಶುದ್ಧೀಕರಿಸಲೇಬೇಕು. ಬಿಸಿನೀರಿಗೆ ಹಾಕಿ ತೆಗೆದರೆ ಸಾಲದು. ಆಟೋಕ್ಲೇವ್ ಕೊಳ್ಳಲಾಗದವರು ಟಿಪ್, ಗ್ರಿಪ್ ಒಟ್ಟಿಗಿರುವ, ಬಳಸಿ ಎಸೆಯುವ ಟ್ಯೂಬ್ ಕೊಂಡರೆ ಬಾರ್ ಮತ್ತು ಕಾರ್ಟ್ರಿಜ್ ನಡುವಿನ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ. ಮೇಲೆ ಹೇಳಿದ ಭಾವಚಿತ್ರದಂಥ ಕೆಲಸದಲ್ಲಿ ಮೂರು ಬಾರಿ ಸೂಜಿ ಬದಲಿಸಬೇಕಾದಾಗ ಕಾರ್ಟ್ರಿಜ್ ಕ್ಷಣದಲ್ಲಿ ಬದಲಾಗುತ್ತದೆ. ಬಾರ್ ಆದರೆ ಮೆಷಿನ್ ಬಿಚ್ಚಿ ಕಟ್ಟಬೇಕು, ಇಲ್ಲವೇ ಎರಡು ಮೆಷಿನ್ ಇಟ್ಟುಕೊಳ್ಳಬೇಕು.

ಕಾರ್ಟ್ರಿಜ್ ಕೊಳ್ಳುವವರು ಒಳಗೆ ಮೆಂಬ್ರೇನ್ ಇದೆಯೇ ಎಂದು ಖಚಿತಪಡಿಸಿಕೊಳ್ಳಲೇಬೇಕು. ಅದು ಬಣ್ಣ ಮತ್ತು ರಕ್ತ ಗ್ರಿಪ್ಪಿನೊಳಕ್ಕೆ, ಮೆಷಿನ್ನಿನೊಳಕ್ಕೆ ಹಿಮ್ಮರಳದಂತೆ ತಡೆಯುವ ತೆಳು ಪೊರೆ. ಅದಿಲ್ಲದ ಅಗ್ಗದ ಕಾರ್ಟ್ರಿಜ್‌ಗಿಂತ ಒಳ್ಳೆಯ ಬಾರ್ ಸೂಜಿ ಎಷ್ಟೋ ಮೇಲು. ಎರಡರಲ್ಲೂ ಪ್ಯಾಕೆಟ್ ಹರಿದಿರಬಾರದು, ಇಥಿಲೀನ್ ಆಕ್ಸೈಡ್‌ನಿಂದ ಶುದ್ಧೀಕರಿಸಿದ ಗುರುತು, ಲಾಟ್ ನಂಬರ್, ಮುಗಿಯುವ ದಿನಾಂಕ ಇರಬೇಕು. ತೆರೆದ ಮೇಲೆ ಮೊನೆಯನ್ನು ಬೆರಳಿಗೆ ತಾಗಿಸದೆ ಲೂಪ್ ಎಂಬ ಚಿಕ್ಕ ಭೂತಗನ್ನಡಿಯಲ್ಲಿ ನೋಡಿ. ಕೊಕ್ಕೆಯಂತೆ ಬಾಗಿದ ಒಂದೇ ಒಂದು ಮೊನೆ ಇದ್ದರೂ ಆ ಸೂಜಿ ಕಸಕ್ಕೆ.

ಜಾತ್ರೆಗಳಲ್ಲಿ ಒಂದೇ ಸೂಜಿಯಿಂದ ಸಾಲಾಗಿ ಹಲವರಿಗೆ ಹಚ್ಚೆ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಲು ಅಷ್ಟು ಸಾಕು. ಬಜೆಟ್ ಎಷ್ಟೇ ಬಿಗಿಯಿದ್ದರೂ ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗಿಲ್ಲ. ಬಳಸಿದ್ದನ್ನು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹಾಕಿ. ಆಸ್ಪತ್ರೆಗಳ ಚೂಪಾದ ತ್ಯಾಜ್ಯಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುವುದೂ ಅದನ್ನೇ.

ಯಾರಿಗೆ ಯಾವುದು

ಹೆಸರು, ಅಕ್ಷರ, ಓಂಕಾರ, ಸಣ್ಣ ಹೂಗಳೇ ನಿಮ್ಮ ಅಂಗಡಿಯ ಮುಖ್ಯ ಕೆಲಸವಾಗಿದ್ದರೆ 0.35ರ 7 ರೌಂಡ್ ಶೇಡರ್ ಮೊದಲು ಕೊಳ್ಳಿ, ಮ್ಯಾಗ್ ಕಾಯಬಹುದು. ತೋಳು ತುಂಬುವ ಆಂಜನೇಯ, ಬಸವ, ಬಾವುಟಗಳಿಗೆ ಕರೆ ಬರುತ್ತಿದ್ದರೆ 0.35ರ 9 ಅಥವಾ 11ರ ಮ್ಯಾಗ್ ಇಲ್ಲದೆ ಅಂಥ ಕೆಲಸ ಒಪ್ಪಿಕೊಳ್ಳಬೇಡಿ. ಜೊತೆಗೆ ಹಳದಿ, ಬಿಳಿಯಂಥ ತಿಳಿಬಣ್ಣಗಳಿಗೆ ಬೇರೆಯೇ ಸೂಜಿ ಬೇಕಾಗುತ್ತದೆಂದು ಮೊದಲೇ ಲೆಕ್ಕ ಹಿಡಿಯಿರಿ. ಕಪ್ಪು ಕುಡಿದ ಕಾರ್ಟ್ರಿಜ್‌ನ್ನು ಎಷ್ಟು ತೊಳೆದರೂ ಹಳದಿಯಲ್ಲಿ ಹಸಿರು ಛಾಯೆ ಬಿಡುತ್ತದೆ. ಭಾವಚಿತ್ರಕ್ಕೆ ಇಳಿಯುವವರಿಗೆ 0.30ರ ಕರ್ವ್ ಮ್ಯಾಗ್ ಅನಿವಾರ್ಯ. ವಯಸ್ಸಾದವರ, ತೆಳು ಚರ್ಮದವರ ಕೆಲಸವಾದರೆ ಬಣ್ಣಕ್ಕೂ ಕರ್ವ್ ಆಗಲಿ, ಅಂಚು ತುಸು ಮೃದುವಾದರೂ ಚಿಂತೆಯಿಲ್ಲ.

ತಿಪಟೂರಿನ ಹುಡುಗನಿಗೆ ನಾನು ಒಂದೇ ಬಾಕ್ಸ್ ಎಂದರೆ 0.35ರ 9 ಕರ್ವ್ ಮ್ಯಾಗ್ ತೆಗೆದುಕೊ ಎಂದೆ, ಅವನಲ್ಲಿ ಆಗಲೇ 5ರ ಕೆಲವು ರೌಂಡ್ ಶೇಡರ್ ಉಳಿದಿದ್ದವು. ಒಪ್ಪಿಸಲು ಮಾತು ಸಾಲದೆಂದು ಅಭ್ಯಾಸದ ಸಿಂಥೆಟಿಕ್ ಚರ್ಮದ ಮೇಲೆ ಎರಡು ಇಂಚಿನ ಎರಡು ಚೌಕ ಬರೆಸಿ, ಒಂದನ್ನು ರೌಂಡ್ ಶೇಡರ್‌ನಲ್ಲೂ ಇನ್ನೊಂದನ್ನು ನನ್ನ ಮ್ಯಾಗ್‌ನಲ್ಲೂ ಅವನಿಂದಲೇ ತುಂಬಿಸಿ, ಸೂಜಿ ಎಷ್ಟು ಸಲ ಹಾಯಿತೆಂದು ಜೋರಾಗಿ ಎಣಿಸಲು ಹೇಳಿದೆ. ನೀವೂ ಕೊಳ್ಳುವ ಮೊದಲು ಪರಿಚಯದವರಿಂದ ಒಂದೊಂದು ಹೊಸ ಸೂಜಿ ಪಡೆದು ಇದನ್ನೇ ಮಾಡಿ ನೋಡಿ. ಅವನ ಮೊದಲ ಚೌಕ ಐದು ಸಲ ಹಾಯ್ದರೂ ಪಟ್ಟೆಪಟ್ಟೆಯಾಗಿತ್ತು. ಎರಡನೆಯದು ಎರಡಕ್ಕೆ ತುಂಬಿತು. ನಾಲ್ಕು ಮೂಲೆಗಳಲ್ಲಿ ಮಾತ್ರ ಸ್ವಲ್ಪ ಬಿಡುವು ಉಳಿದಿತ್ತು, ಅವನ್ನು ಅವನು ಕೇಳದೆಯೇ ತನ್ನ 5ರ ರೌಂಡ್ ಶೇಡರ್ ತೆಗೆದು ಮುಚ್ಚಿದ.